ದೂರದೇಶದ ಬರ

ಭರತ ಹುಣ್ಣಿಮೆಯ ಜಾತ್ರೆಗೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡೆಂಕನ ಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಸಾಕು, ಅಷ್ಟೂ ಗದ್ದಲ ಅಡಗುತ್ತದೆ. ಭವಿಷ್ಯದ ಒಂದೇ ಒಂದು ಮಾತು ನುಡಿದು ಅವರು ಕೆಳಗೆ ಧುಮುಕುತ್ತಾರೆ. ಆ ಒಂದು ಮಾತು ಮಳೆಯದ್ದೋ, ಬೆಳೆಯದ್ದೋ, ರಾಜಕಾರಣದ್ದೋ ಎಂಬ ಚರ್ಚೆ ಊರೂರಿನ ಕಟ್ಟೆಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಮಳೆಯನ್ನೇ ನಂಬಿ ಬದುಕುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಈ ಕಾತರ ಸಹಜ. ಬರುವುದನ್ನು ಮೊದಲೇ ಓದಿಕೊಳ್ಳುವ ಹಂಬಲದ ಇನ್ನೊಂದು ಮುಖ, ಬಂದು ಹೋದದ್ದಕ್ಕೆ ಅರ್ಥ ಹುಡುಕುವುದು. ಬೆಳೆ ಒಣಗಿದಾಗ, ಮನೆಯಲ್ಲಿ ರೋಗ ಕಾಲಿಟ್ಟಾಗ, ಎಳೆಯ ಜೀವ ಹೋದಾಗ ‘ಯಾವ ಪಾಪಕ್ಕೋ’ ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಈ ಸೀಮೆಯಲ್ಲಿ ಸಂಖ್ಯೆಯಲ್ಲಿ ಸಣ್ಣವರಾದ ಕ್ರೈಸ್ತರೂ ಆ ಮಾತಿನಿಂದ ಹೊರತಲ್ಲ. ಅವರ ಸಭೆಗಳಲ್ಲಿ ಅದಕ್ಕೆ ಶಾಸ್ತ್ರದ ಆಧಾರವೂ ಸಿಗುತ್ತದೆ: ನೋವು ಪಾಪದ ಫಲವನ್ನು ನೆನಪಿಸುತ್ತದೆ, ಕೃಪೆಯ ಕಡೆಗೆ ತಿರುಗಿಸುತ್ತದೆ ಎನ್ನುವುದು ಕ್ರೈಸ್ತ ಬೋಧನೆಯಲ್ಲಿ ಬಹು ಹಳೆಯದು. ಆ ಬೋಧನೆ ಎಲ್ಲಿಯವರೆಗೆ ನಿಜ, ಎಲ್ಲಿ ದಾರಿ ತಪ್ಪುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ನೋವು ನೆನಪಿಸಬಲ್ಲದು, ಆದರೆ ತೀರ್ಪು ಕೊಡಲಾರದು. ಆ ನೆನಪೂ ನೊಂದವನ ಸ್ವಂತದ್ದು, ನೋಡುವವನದಲ್ಲ ಎಂಬುದು ಇಲ್ಲಿನ ವಾದ.

ಮೊದಲು ಪದಗಳನ್ನು ನೋಡಬೇಕು, ಏಕೆಂದರೆ ಅರ್ಧ ಗೊಂದಲ ಅಲ್ಲಿಯೇ ಇದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ. ಕನ್ನಡ ಬೈಬಲಿನ ಅನುವಾದಕ್ಕೆ ಬಳ್ಳಾರಿಯೇ ತವರಾಯಿತು. 1830ರ ದಶಕದ ಆರಂಭಕ್ಕೆ ಇಡೀ ಗ್ರಂಥ ಕನ್ನಡದಲ್ಲಿ ಸಿದ್ಧವಾಗಿತ್ತು. ಅನುವಾದಕರು ಬಳಸಿದ ಪಾಪ, ಕೃಪೆ, ಪ್ರಾಯಶ್ಚಿತ್ತ, ಶೋಧನೆ ಯಾವುವೂ ಹೊಸದಾಗಿ ಟಂಕಿಸಿದ ಪದಗಳಲ್ಲ. ಶೈವ, ಜೈನ, ವೈಷ್ಣವ ಮಾತಿನಲ್ಲಿ ಶತಮಾನಗಳ ಕಾಲ ನೆನೆದು ಬಂದವು. ಅವುಗಳಲ್ಲಿ ಈ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು ‘ಶಿಕ್ಷೆ’. ದೇವರು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆ ಎಂಬ ಅರ್ಥದ ಮಾತು ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದಲ್ಲಿದೆ. ಇಂದಿನ ಕಿವಿಗೆ ಶಿಕ್ಷೆ ಎಂದರೆ ಕೋರ್ಟು, ಜೈಲು, ಬೆತ್ತ. ಆದರೆ ಶಿಕ್ಷಣ, ಶಿಕ್ಷಕ ಎಂಬ ಪದಗಳು ಹುಟ್ಟಿದ್ದೂ ಅದೇ ಧಾತುವಿನಿಂದ. ವೇದಾಂಗಗಳಲ್ಲಿ ಮೊದಲನೆಯದಾದ ‘ಶಿಕ್ಷಾ’ ಉಚ್ಚಾರಣೆ ಕಲಿಸುವ ಶಾಸ್ತ್ರವೇ ಹೊರತು ದಂಡಸಂಹಿತೆಯಲ್ಲ. ಮೂಲ ಗ್ರೀಕಿನಲ್ಲಿಯೂ ಅಲ್ಲಿರುವುದು ಮಗುವನ್ನು ಬೆಳೆಸುವ, ತಿದ್ದುವ ಅರ್ಥದ ಪದ. ದಂಡನೆ ಹಿಂದಕ್ಕೆ ನೋಡಿ ಲೆಕ್ಕ ತೀರಿಸುತ್ತದೆ. ಶಿಕ್ಷಣ ಮುಂದಕ್ಕೆ ನೋಡಿ ಮನುಷ್ಯನನ್ನು ರೂಪಿಸುತ್ತದೆ. ಕನ್ನಡದ ಒಂದೇ ಪದದೊಳಗೆ ಎರಡೂ ಇರುವುದರಿಂದ ಬೋಧಕ ಎರಡನೆಯದನ್ನು ಹೇಳಿದರೂ ಕೇಳುವವನಿಗೆ ಮೊದಲನೆಯದು ಕೇಳಿಸುತ್ತದೆ. ಎಷ್ಟೋ ಸಲ ಬೋಧಕನ ಮನಸ್ಸಿನಲ್ಲಿರುವುದೂ ಮೊದಲನೆಯದೇ.

ಇನ್ನು ಶಾಸ್ತ್ರದ ಮಾತು. ಬೈಬಲಿನಲ್ಲಿ ಈ ಪ್ರಶ್ನೆಗೆ ಎರಡು ಎಳೆಗಳಿವೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯ ಒಡಂಬಡಿಕೆ ಮುರಿದ ಜನಾಂಗಕ್ಕೆ ಬರ, ರೋಗ, ಸೋಲುಗಳ ಎಚ್ಚರಿಕೆ ಕೊಡುತ್ತದೆ. ಬರ ಬಂದರೂ ಜನ ತಿರುಗಿಕೊಳ್ಳಲಿಲ್ಲವೆಂದು ಪ್ರವಾದಿ ಆಮೋಸ ಕೊರಗುತ್ತಾನೆ. ಬಿತ್ತಿದ್ದನ್ನೇ ಕೊಯ್ಯಬೇಕೆಂದು ಪೌಲ ಗಲಾತ್ಯದವರಿಗೆ ಬರೆಯುತ್ತಾನೆ. ಇನ್ನೊಂದು ಎಳೆ ಇದನ್ನು ತಡೆದು ನಿಲ್ಲಿಸುವಂಥದ್ದು. ಯೋಬ ನೀತಿವಂತ, ಅವನ ಗೆಳೆಯರು ನೋವನ್ನು ಕಂಡು ಪಾಪವನ್ನು ಊಹಿಸಿದರು, ಕೊನೆಗೆ ದೇವರ ಕೋಪ ಎರಗಿದ್ದು ಆ ಗೆಳೆಯರ ಮೇಲೆ. ಹುಟ್ಟುಕುರುಡನನ್ನು ತೋರಿಸಿ ಇದು ಇವನ ಪಾಪವೋ ತಂದೆತಾಯಿಯದೋ ಎಂದು ಕೇಳಿದ ಶಿಷ್ಯರಿಗೆ ಯೇಸು ಎರಡೂ ಅಲ್ಲವೆಂದ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಊರಿನ ಉಳಿದವರಿಗಿಂತ ಕೆಟ್ಟವರಾಗಿರಲಿಲ್ಲವೆಂದೂ ಹೇಳಿದ. ಈ ಎರಡು ಎಳೆಗಳು ಒಂದಕ್ಕೊಂದು ವಿರುದ್ಧವೇ? ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆ ಇಲ್ಲಿ ನೆರವಾಗುತ್ತದೆ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂದಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗೆಯೇ ಪಾಪವಿದ್ದಲ್ಲಿ ಯಾರಿಗಾದರೂ ನೋವು ತಪ್ಪದು ಎನ್ನುವುದು ಮೊದಲ ಎಳೆ. ನೋವಿದ್ದಲ್ಲೆಲ್ಲ ನೊಂದವನ ಪಾಪವನ್ನು ಊಹಿಸಬೇಡ ಎನ್ನುವುದು ಎರಡನೆಯದು. ಎರಡೂ ಒಟ್ಟಿಗೆ ನಿಲ್ಲುತ್ತವೆ. ಗಮನಿಸಬೇಕಾದ ಸಂಗತಿ ಇನ್ನೂ ಒಂದಿದೆ. ಸಿಲೋವದ ಮಾತನ್ನು ಯೇಸು ಅಲ್ಲಿಗೇ ಬಿಡಲಿಲ್ಲ, ಕೇಳುತ್ತಿದ್ದವರ ಕಡೆಗೆ ತಿರುಗಿ ನೀವೂ ಮನಸ್ಸು ತಿರುಗಿಸಿಕೊಳ್ಳಬೇಕೆಂದ. ಸತ್ತವರ ಬಗ್ಗೆ ತೀರ್ಪಿಲ್ಲ, ಬದುಕಿರುವವರಿಗೆ ಎಚ್ಚರವುಂಟು.

ಈ ವಿವೇಚನೆಯನ್ನು ನಮ್ಮ ನೆಲದ ಅತಿ ದೊಡ್ಡ ನೋವಿಗೆ ಹಚ್ಚಿ ನೋಡಬಹುದು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರ 1878ರವರೆಗೆ ಎಳೆಯಿತು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871 ಮತ್ತು 1881ರ ಗಣತಿಗಳ ನಡುವೆ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಕುಗ್ಗಿತು. ಪಕ್ಕದ ಮೈಸೂರು ಸಂಸ್ಥಾನದಲ್ಲಿ 50,55,412 ಇದ್ದದ್ದು 41,86,188ಕ್ಕೆ ಇಳಿಯಿತು. ಇದನ್ನು ದೇವರ ದಂಡನೆ ಎನ್ನುವುದಾದರೆ, ಯಾರ ಪಾಪಕ್ಕೆ ದಂಡನೆ? ಮಳೆ ತಪ್ಪಿದ್ದು ನಿಸರ್ಗದ ಸಂಗತಿ, ಹಸಿವು ಹಬ್ಬಿದ್ದು ಮನುಷ್ಯರ ಸಂಗತಿ. ಧಾನ್ಯದ ರಫ್ತು ನಿಲ್ಲಲಿಲ್ಲ. ಬೆಲೆ ಏರಿದಂತೆ ದಾಸ್ತಾನು ಮಾಡಿದವರಿಗೆ ಲಾಭವಾಯಿತು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿದ. ಅದೇ ತಿಂಗಳು ಬರ ಪರಿಹಾರದ ಮೇಲ್ವಿಚಾರಣೆಗೆ ಬಂದ ಸರ್ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಗಳಲ್ಲಿ ಬೆವರು ಸುರಿಸುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ, ಮೇಲೆ ಒಂದಾಣೆ ಸಾಕೆಂದು ನಿಗದಿ ಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಪಟ್ಟುಹಿಡಿದು ವಾದಿಸಿದ ಮೇಲೆ ಆ ವರ್ಷದ ಮಧ್ಯದ ಹೊತ್ತಿಗೆ ಕೂಲಿಯನ್ನು ಹೆಚ್ಚಿಸಬೇಕಾಯಿತು. ಕೂಲಿ ಗೊತ್ತು ಮಾಡಿದವರು ಸಾಯಲಿಲ್ಲ. ಸತ್ತವರು ಭೂಮಿಯಿಲ್ಲದ ಆಳುಗಳು, ನೇಕಾರರು, ತುಂಡು ಹೊಲದ ಒಕ್ಕಲುಗಳು. ಪಾಪಕ್ಕೆ ಫಲವುಂಟು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ, ಆದರೆ ಫಲ ಉಂಡವರು ಬಿತ್ತಿದವರಲ್ಲ. ಪ್ರವಾದಿಗಳು ಪಾಪವೆಂದು ಕರೆದದ್ದರಲ್ಲಿ ಕಳ್ಳತಕ್ಕಡಿ, ಬಡವರ ಕೂಲಿ ನುಂಗುವುದು, ದಂತದ ಮಂಚದ ಮೇಲೆ ಮಲಗಿ ಜನರ ನಾಶಕ್ಕೆ ಮರುಗದಿರುವುದು ಇವೆಲ್ಲ ಸೇರಿದ್ದವು. ನೋವು ಪಾಪವನ್ನು ನೆನಪಿಸುತ್ತದೆ ಎನ್ನುವ ಕ್ರೈಸ್ತ ಇವುಗಳನ್ನು ಪಟ್ಟಿಯಿಂದ ಕೈಬಿಟ್ಟರೆ ಅವನ ನೆನಪು ಅರೆಬರೆ.

ಆ ಬರದಲ್ಲಿ ಕ್ರೈಸ್ತ ಮಿಷನ್‌ಗಳು ಮಾಡಿದ ಕೆಲಸವೂ ಈ ಪ್ರಶ್ನೆಗೆ ಸಾಕ್ಷಿ. ಬೆಂಗಳೂರಿನ ಹತ್ತಿರ ಬರದಲ್ಲಿ ಅನಾಥರಾದ ಮಕ್ಕಳಿಗಾಗಿ ಕಥೋಲಿಕ ಮಿಷನ್ ಬೇಸಾಯದ ಹಳ್ಳಿಗಳನ್ನು ಕಟ್ಟಿತು. ಅವುಗಳಲ್ಲೊಂದು ಸಿಲುವೇಪುರ, ಹೆಸರೇ ಹೇಳುವಂತೆ ಶಿಲುಬೆಯ ಊರು. ತೆಲುಗು ಸೀಮೆಯ ಒಂಗೋಲಿನಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲಾ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟ. ಜನ ದೀಕ್ಷಾಸ್ನಾನ ಕೇಳಿಕೊಂಡು ಬಂದರು. ಪರಿಹಾರದ ಕೆಲಸ ತನ್ನ ಕೈಯಲ್ಲಿ ಇರುವಷ್ಟು ಕಾಲ ಅವನು ಯಾರಿಗೂ ಕೊಡಲಿಲ್ಲ. ಅದು ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಅನ್ನದ ಆಸೆಗೆ ಆದ ಮತಾಂತರ ಎಂಬ ಆಕ್ಷೇಪ ಅಂದೂ ಇತ್ತು, ಇಂದೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ; ಹಸಿದ ಹೊಟ್ಟೆಯ ಒಳಗಿನ ಕಾರಣವನ್ನು ಹೊರಗಿನವರು ಶೋಧಿಸಲಾರರು. ಆದರೆ ಬಾಗಿಲು ಮುಚ್ಚಿಟ್ಟ ಆ ತಿಂಗಳುಗಳು ಒಂದು ವಿವೇಕವನ್ನು ತೋರಿಸುತ್ತವೆ. ನೋವು ಒಬ್ಬನನ್ನು ತಿರುಗಿಸಬಹುದು. ಇನ್ನೊಬ್ಬನ ನೋವನ್ನು ಹಿಡಿಯಾಗಿಸಿಕೊಂಡು ಅವನನ್ನು ತಿರುಗಿಸುವುದು ಬೇರೆಯೇ ಕೆಲಸ. ಕೈಯಲ್ಲಿ ರೊಟ್ಟಿ ಹಿಡಿದವನು ಹಸಿದವನ ಪಾಪದ ಬಗ್ಗೆ ಬಾಯಿ ಬಿಡಬಾರದು.

ಹಾಗಾದರೆ ನೋವು ನೆನಪಿಸುವುದು ಹೇಗೆ? ಇದಕ್ಕೆ ಬೈಬಲಿನಲ್ಲಿ ಸಿಗುವ ಅತ್ಯಂತ ಸೂಕ್ಷ್ಮ ಚಿತ್ರ ಲೂಕನ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಕಥೆ. ಅದನ್ನು ಕೇಳಿದವರು ತಂದೆಯ ಅಪ್ಪುಗೆಯನ್ನು ನೆನಪಿಟ್ಟುಕೊಳ್ಳುತ್ತಾರೆ, ಬರವನ್ನು ಮರೆಯುತ್ತಾರೆ. ಕಿರಿಯ ಮಗ ತನ್ನ ಪಾಲು ಕೇಳಿ ಪಡೆದು ದೂರದೇಶಕ್ಕೆ ಹೋಗಿ ಹಾಳುಮಾಡಿದ. ಅಷ್ಟರಲ್ಲಿ ಆ ದೇಶದಲ್ಲೆಲ್ಲ ಘೋರ ಬರ ಬಿತ್ತು. ಆ ಬರ ಅವನ ತಪ್ಪಿಗಾಗಿ ಬಂದದ್ದಲ್ಲ. ದುಡಿದು ಬದುಕುತ್ತಿದ್ದ ಆ ದೇಶದ ಒಕ್ಕಲಿಗನ ಮೇಲೂ ಅದು ಬಿದ್ದಿರಬೇಕು. ಆದರೆ ಕೈ ಬರಿದಾಗಿದ್ದು ಅವನ ಸ್ವಂತ ತಪ್ಪಿನಿಂದ. ತಪ್ಪಿನ ಫಲ, ತಪ್ಪಿಗೆ ಸಂಬಂಧವಿಲ್ಲದ ವಿಪತ್ತು ಎರಡೂ ಹೆಣೆದುಕೊಂಡು ಅವನನ್ನು ಹಂದಿ ಮೇಯಿಸುವ ಹೊಲಕ್ಕೆ ತಂದು ನಿಲ್ಲಿಸಿದವು. ಮನುಷ್ಯನ ನೋವು ಬಹುಪಾಲು ಹೀಗೆಯೇ ಬೆರಕೆ. ಇಷ್ಟು ನನ್ನಿಂದ, ಇಷ್ಟು ಊರಿನಿಂದ, ಇಷ್ಟು ಮಳೆಯಿಂದ ಎಂದು ಯಾರೂ ತೂಗಿ ಹೇಳಲಾರರು. ಹಂದಿ ತಿನ್ನುವ ಕಾಯಿಗೂ ಆಸೆಪಟ್ಟ ಆ ಗಳಿಗೆಯಲ್ಲಿ ಅವನಿಗೆ ‘ಬುದ್ಧಿ’ ಬಂತು. ಬಂದ ಬುದ್ಧಿಯ ಮೊದಲ ಮಾತು ನಾನು ಪಾಪಿ ಎಂಬುದಲ್ಲ. ಅಪ್ಪನ ಮನೆಯಲ್ಲಿ ಕೂಲಿಯಾಳುಗಳಿಗೂ ಹೊಟ್ಟೆ ತುಂಬಿ ಮಿಗುವಷ್ಟು ರೊಟ್ಟಿಯಿದೆ ಎಂಬ ನೆನಪು ಮೊದಲು ಬಂತು. ತಪ್ಪಿನ ಒಪ್ಪಿಗೆ ಅದರ ಬೆನ್ನಿಗೆ ಹುಟ್ಟಿತು. ಈ ಕ್ರಮ ಬಹಳ ಮುಖ್ಯ. ಮರಳುವ ಮನೆಯೊಂದು ನೆನಪಿಗೆ ಬರದಿದ್ದರೆ ಹಸಿವು ಅವನಿಗೆ ಹಸಿವಷ್ಟೇ ಆಗಿರುತ್ತಿತ್ತು, ಕೊನೆಗೆ ಹತಾಶೆಯಾಗುತ್ತಿತ್ತು. ಕೃಪೆಯ ನೆನಪು ಇರುವುದರಿಂದಲೇ ಪಾಪದ ನೆನಪು ಸಹಿಸಬಲ್ಲಂಥದ್ದಾಗುತ್ತದೆ. ಮೊದಲು ಪಾಪವನ್ನು ತುರುಕಿ ಕೊನೆಗೆ ಕೃಪೆಯನ್ನು ಚಿಟಿಕೆಯಷ್ಟು ಉದುರಿಸುವ ಬೋಧನೆ ಈ ಕಥೆಯನ್ನು ತಲೆಕೆಳಗು ಮಾಡುತ್ತದೆ.

ಇದು ಬೇರೆ ಹೆಸರಿನ ಕರ್ಮಸಿದ್ಧಾಂತವಷ್ಟೇ ಅಲ್ಲವೇ ಎಂದು ಕೇಳಬಹುದು. ‘ಮಾಡಿದ್ದುಣ್ಣೋ ಮಹರಾಯ’ ಎನ್ನುವ ಗಾದೆಗೂ ಬಿತ್ತಿದ್ದನ್ನು ಕೊಯ್ಯುವ ಮಾತಿಗೂ ಏನು ಅಂತರ? ಮೊದಲ ನೋಟಕ್ಕೆ ಅಂತರ ಕಡಿಮೆ, ಅದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಕರ್ಮವೆಂದರೆ ಕೈಕಟ್ಟಿ ಕೂರುವುದು ಎಂಬ ಅಗ್ಗದ ಟೀಕೆಯೂ ಸಲ್ಲದು. ಹನ್ನೆರಡನೆಯ ಶತಮಾನದ ಶರಣರು ಬಂದದ್ದನ್ನು ಪ್ರಸಾದವೆಂದು ಕಾಣುವ ದೃಷ್ಟಿ ಕೊಟ್ಟು, ಹುಟ್ಟಿನ ಕೀಳುತನಕ್ಕೆ ಹಿಂದಿನ ಕರ್ಮ ಕಾರಣವೆಂಬ ವಾದವನ್ನು ಈ ನೆಲದಲ್ಲೇ ಅಲುಗಾಡಿಸಿದರು. ವ್ಯತ್ಯಾಸ ಇರುವುದು ಲೆಕ್ಕ ಚುಕ್ತಾ ಆಗುವ ಬಗೆಯಲ್ಲಿ. ಕರ್ಮದ ಖಾತೆಯನ್ನು ಮಾಡಿದವನೇ ತೀರಿಸಬೇಕು. ಕ್ರೈಸ್ತ ನಂಬಿಕೆಯಲ್ಲಿ ಆ ಖಾತೆಯನ್ನು ಇನ್ನೊಬ್ಬ ತನ್ನ ಮೈಮೇಲೆ ಹಾಕಿಕೊಂಡ. ಹಾಗೆಂದು ಕೃಪೆ ಫಲವನ್ನೆಲ್ಲ ಅಳಿಸಿಬಿಡುತ್ತದೆಯೇ? ಇಲ್ಲ. ದಾವೀದನಿಗೆ ಕ್ಷಮೆ ಸಿಕ್ಕಿತು, ಆದರೆ ಅವನ ಮನೆಯೊಳಗಿನ ಕತ್ತಿ ಒರೆಗೆ ಮರಳಲಿಲ್ಲ. ಕುಡಿತದಿಂದ ಹೊಲ ಒತ್ತೆಯಿಟ್ಟವನು ಮನಸ್ಸು ತಿರುಗಿಸಿಕೊಂಡು ಸಭೆಗೆ ಬಂದ ಮಾತ್ರಕ್ಕೆ ಹೊಲ ಹಿಂದಿರುಗುವುದಿಲ್ಲ, ಕೆಟ್ಟ ಯಕೃತ್ತು ನೆಟ್ಟಗಾಗುವುದಿಲ್ಲ. ಆದರೆ ಹೆಂಡತಿ ಮಕ್ಕಳ ಎದುರು ತಲೆಯೆತ್ತಿ ಕುಳಿತು ಉಣ್ಣುವ ದಾರಿ ತೆರೆಯುತ್ತದೆ. ಉಳಿದುಕೊಂಡ ನೋವು ಆಗ ಸಾಲದ ನೋಟೀಸಿನಂತಿರದೆ ಗಾಯದ ಕಲೆಯಂತಾಗುತ್ತದೆ. ಏನಾಗಿತ್ತು ಎಂಬುದನ್ನೂ ಮಾಯಿತು ಎಂಬುದನ್ನೂ ಒಂದೇ ಕಲೆ ಹೇಳುತ್ತದೆ.

ಇದಕ್ಕಿಂತ ತೂಕದ ಆಕ್ಷೇಪ ತಪ್ಪು ಮಾಡದವರ ನೋವಿನದು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ತುಂಬಿಕೊಂಡಾಗ ನದಿ ದಂಡೆಯ ಹತ್ತಾರು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಗಂಟುಮೂಟೆ ಕಟ್ಟಿದರು. ಬರ ಕಳೆಯಲೆಂದೇ ಕಟ್ಟಿದ ಅಣೆ, ದೂರದ ಹೊಲಗಳಿಗೆ ನೀರು, ಇವರಿಗೆ ಊರೇ ಇಲ್ಲ. ಇವರ ಯಾವ ಪಾಪವನ್ನು ಆ ನೀರು ನೆನಪಿಸಬೇಕು? ಇದೇ ತಾಲ್ಲೂಕುಗಳಲ್ಲಿ ಬಾಲ್ಯದಲ್ಲೇ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿದ್ದಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲೇ ತಂದಿತು. ಪದ್ಧತಿಯ ಫಲ ಮಾತ್ರ ಒಂದು ಪೀಳಿಗೆಯ ಮೈಮೇಲೆ ರೋಗವಾಗಿ, ಅಪ್ಪನ ಹೆಸರಿಲ್ಲದ ಮಕ್ಕಳಾಗಿ ಉಳಿಯಿತು. ಅಂಥ ಒಬ್ಬಾಕೆಗೆ ನಿನ್ನ ನೋವು ನಿನ್ನ ಪಾಪದ ಫಲ ಎನ್ನುವ ಬೋಧಕ ಯೋಬನ ಗೆಳೆಯರ ಸಾಲಿಗೆ ಸೇರುತ್ತಾನೆ. ಅವಳ ನೋವು ಪಾಪದ ಫಲವೇ ಹೌದು, ಆದರೆ ಅವಳ ಮೇಲೆ ಎಸಗಿದ ಪಾಪದ ಫಲ. ಅದು ನೆನಪಿಸಬೇಕಾದ್ದು ಅವಳನ್ನು ಬಳಸಿಕೊಂಡವರಿಗೆ, ಕಂಡೂ ಸುಮ್ಮನಿದ್ದ ಊರಿಗೆ.

ಒಳ್ಳೆಯ ಉದ್ದೇಶವೂ ಇಲ್ಲಿ ಕಾಪಾಡುವುದಿಲ್ಲ ಎನ್ನುವುದಕ್ಕೆ ಗಾಂಧೀಜಿಯವರ ಉದಾಹರಣೆಯೇ ಇದೆ. ಅವರ ಚಿತಾಭಸ್ಮದ ಸ್ಮಾರಕ ಕೂಡ್ಲಿಗಿಯಲ್ಲಿದೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ದಂಡನೆ ಎಂದು ಅವರು ಹೇಳಿದರು. ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಅಸಮ್ಮತಿ ಸೂಚಿಸಿದರು: ನಿಸರ್ಗದ ಘಟನೆಗೆ ನೀತಿಯ ಕಾರಣ ಹಚ್ಚಿದರೆ, ಎದುರಾಳಿಗಳೂ ಅದೇ ಭೂಕಂಪವನ್ನು ನಿಮ್ಮ ಚಳವಳಿಗೆ ದಂಡನೆ ಎನ್ನಬಹುದಲ್ಲ ಎಂಬುದು ಅವರ ವಾದದ ಸಾರ. ಠಾಕೂರರ ತರ್ಕಕ್ಕೆ ಉತ್ತರವಿಲ್ಲ. ಮನೆ ಕುಸಿದು ಸತ್ತವರಲ್ಲಿ ಅಸ್ಪೃಶ್ಯರೂ ಇದ್ದರಲ್ಲವೇ? ಆದರೂ ಗಾಂಧೀಜಿಯವರ ಮಾತಿನಲ್ಲಿ ಉಳಿಸಿಕೊಳ್ಳಬೇಕಾದ ಒಂದಂಶವಿದೆ. ಅವರು ಬೆರಳು ತೋರಿಸಿದ್ದು ಪರರತ್ತ ಅಲ್ಲ, ತಾವೂ ಸೇರಿದ ಸವರ್ಣ ಸಮಾಜದತ್ತ. ಭೂಕಂಪ ನನಗೆ ನನ್ನ ಪಾಪವನ್ನು ನೆನಪಿಸಿತು ಎಂದಷ್ಟೇ ಅವರು ಹೇಳಿದ್ದರೆ ಯಾರೂ ಅಲ್ಲಗಳೆಯುವಂತಿರಲಿಲ್ಲ. ಕಾರಣವೆಂದು ಹೇಳಿದ್ದರಿಂದ ಅದು ತೀರ್ಪಾಯಿತು.

ಕೊನೆಯದು ಎಲ್ಲಕ್ಕಿಂತ ಕಠಿಣ. ಏನನ್ನೂ ಕಲಿಸದ ನೋವೂ ಉಂಟಲ್ಲ? ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1940ರಲ್ಲಿ ‘ದಿ ಪ್ರಾಬ್ಲಮ್ ಆಫ್ ಪೇನ್’ ಎಂಬ ಪುಸ್ತಕದಲ್ಲಿ ನೋವು ಮನುಷ್ಯನನ್ನು ಎಚ್ಚರಿಸುತ್ತದೆಂದು ಅಚ್ಚುಕಟ್ಟಾಗಿ ವಾದಿಸಿದ. 1960ರಲ್ಲಿ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡ ಮೇಲೆ ಅವನು ಬರೆದದ್ದು ‘ಎ ಗ್ರೀಫ್ ಅಬ್ಸರ್ವ್ಡ್’. ಮರುವರ್ಷ ಅದು ಬೇರೆ ಹೆಸರಿನಲ್ಲಿ ಪ್ರಕಟವಾಯಿತು. ಅಲ್ಲಿ ಮೊದಲಿನ ಅಚ್ಚುಕಟ್ಟು ಇಲ್ಲ. ದೇವರ ಮನೆಯ ಬಾಗಿಲು ಮುಚ್ಚಿದೆಯೆಂಬ ಕೂಗೂ ಇದೆ. ಎರಡನೆಯ ಪುಸ್ತಕ ಮೊದಲನೆಯದನ್ನು ಸುಳ್ಳಾಗಿಸುವುದಿಲ್ಲ, ಅದರ ಗಡಿಯನ್ನು ತೋರಿಸುತ್ತದೆ. ಪಾಠ ಕಲಿಯುವ ಹೊತ್ತೂ ನೊಂದವನದೇ, ಕಲಿಯದೆ ಅಳುವ ಹಕ್ಕೂ ಅವನದೇ. ಕೀರ್ತನೆಗಳಲ್ಲಿ ಪಾಪದ ಮಾತೇ ಎತ್ತದೆ ಬರೀ ಗೋಳಿಡುವ ಹಾಡುಗಳಿವೆ, ಅವನ್ನೂ ಸಭೆ ಪ್ರಾರ್ಥನೆಯೆಂದೇ ಹಾಡುತ್ತದೆ. ಬಳ್ಳಾರಿ ಸಭೆಯನ್ನು ನಡೆಸಿದ ದೇಶೀಯ ಪಾಲಕ ಸ್ಯಾಮ್ಯುಯೆಲ್ ಫ್ಲೇವೆಲ್ 1847ರಲ್ಲಿ ಕಾಲರಾಕ್ಕೆ ಬಲಿಯಾದ. ಅದರಲ್ಲಿ ಪಾಪದ ಕುರುಹನ್ನು ಹುಡುಕುವುದು ಅಸಂಬದ್ಧ. ಕ್ರೈಸ್ತರ ನಂಬಿಕೆಯ ನಡುಮಧ್ಯೆ ನಿಂತಿರುವುದೇ ಪಾಪವಿಲ್ಲದವನೊಬ್ಬನ ನೋವು. ಶಿಲುಬೆಯ ಕೆಳಗೆ ನಿಂತು ನೋವೆಂದರೆ ನೊಂದವನ ತಪ್ಪು ಎನ್ನುವವರು ಸುವಾರ್ತೆಯಲ್ಲಿ ಇದ್ದಾರೆ, ಆದರೆ ಅವರು ಅಣಕಿಸುವವರ ಗುಂಪಿನಲ್ಲಿದ್ದಾರೆ.

ಇಷ್ಟೆಲ್ಲ ಗಡಿ ಹಾಕಿದ ಮೇಲೆ ಮೂಲ ಬೋಧನೆಯಲ್ಲಿ ಉಳಿಯುವುದೇನು ಎಂದರೆ, ಸಭೆಯ ಒಂದು ಹಳೆಯ ಆಚರಣೆಯಲ್ಲೇ ಅದಕ್ಕೆ ಉತ್ತರವಿದೆ. ತಪಸ್ಸುಕಾಲದ ಮೊದಲ ದಿನವನ್ನು ಕನ್ನಡ ಕಥೋಲಿಕರು ವಿಭೂತಿ ಬುಧವಾರ ಎನ್ನುತ್ತಾರೆ. ಶಿವನ ಭಸ್ಮ ಹಣೆಹಣೆಯಲ್ಲಿರುವ ಸೀಮೆಯಲ್ಲಿ ಆ ಹೆಸರು ಅಪರಿಚಿತ ಎನಿಸುವುದಿಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ ಜಯಘೋಷ ಮಾಡುತ್ತ ಹಿಡಿದಿದ್ದ ಒಣಗರಿಗಳನ್ನೇ ಸುಟ್ಟು ಆ ಬೂದಿ ಮಾಡುತ್ತಾರೆ. ಸಂಭ್ರಮದ ಕೊನೆ ಬೂದಿ ಎಂಬ ನೆನಪು ಅದರಲ್ಲಿದೆ. ನಲವತ್ತು ದಿನದ ಉಪವಾಸದಾಚೆ ಪುನರುತ್ಥಾನದ ಹಬ್ಬ ಎಂಬ ನೆನಪೂ ಇದೆ. ಜನ ಸಾಲಾಗಿ ಬಂದು ಹಣೆಯೊಡ್ಡುತ್ತಾರೆ. ಈ ವರ್ಷ ಮಗನನ್ನು ಕಳೆದುಕೊಂಡವಳ ಹಣೆಗೂ ಲಾಭ ಮಾಡಿಕೊಂಡವನ ಹಣೆಗೂ ಬೀಳುವುದು ಅದೇ ಚಿಟಿಕೆ, ಅದೇ ಶಿಲುಬೆಯ ಗುರುತು. ಯಾರ ನೋವಿಗೆ ಯಾವ ಪಾಪ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೂದಿ ಹಚ್ಚುವ ಗುರುವೂ ಅದರಿಂದ ಹೊರತಲ್ಲ. ಬಟ್ಟಲನ್ನು ಪಕ್ಕದವರ ಕೈಗಿತ್ತು ಅವರೂ ತಲೆ ಬಾಗಿಸುತ್ತಾರೆ.